ಜಿಪ್ ಎಲ್ಲಿದೆ, ನಿರ್ದೇಶಕರೇ?

ಮಾನ್ಯ ನಿರ್ದೇಶಕರೇ,

ಸಾಮಾನ್ಯ ಮನುಷ್ಯನೊಬ್ಬ ಮಹಾವೀರನಾದ ಬಗೆಯನ್ನು ಎರಡೂವರೆ ಗಂಟೆಯಲ್ಲಿ ಲೋಕಕ್ಕೆ ತಿಳಿಸಿಕೊಟ್ಟ ತಮಗೆ, ಮೂವತ್ತು ವರ್ಷಗಳಿಂದ ಹೊಲಿಗೆ ಯಂತ್ರ ತುಳಿಯುತ್ತಿರುವ ದರ್ಜಿಯೊಬ್ಬನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಸಿನಿಮಾವನ್ನು ಮೂರು ಸಲ ನೋಡಿದ್ದೇನೆ. ಕಥೆಗಾಗಿ ಅಲ್ಲ, ಜಿಪ್ಪಿಗಾಗಿ.

ಕಥೆಯಲ್ಲಿ ಕುಂದು ಹುಡುಕುವಷ್ಟು ದೊಡ್ಡವನು ನಾನಲ್ಲ. ಪ್ರಯೋಗಾಲಯದ ಜಿಗಣೆ ಅಷ್ಟು ಜನರನ್ನು ಬಿಟ್ಟು ನಾಯಕನನ್ನೇ ಕಚ್ಚಿದ್ದು ಸರಿ. ಅವನ ಅಜ್ಜ ಬುದ್ಧಿಮಾತು ಪೂರ್ತಿ ಹೇಳಿ ಮುಗಿಸುವವರೆಗೂ ಪ್ರಾಣ ಬಿಡದೆ ಕಾದದ್ದು ಇನ್ನೂ ಸರಿ. ಕಿಟಕಿ ಮುಚ್ಚಿದ ಕೋಣೆಯಲ್ಲೂ ಅವನ ಕೂದಲಿಗೆ ಮಾತ್ರ ಗಾಳಿ ಬೀಸಿದ್ದನ್ನು ಕಂಡು ಕಣ್ಣು ತುಂಬಿ ಬಂತು. ಆದರೆ ಒಂದು ಹಾಡು ಮುಗಿಯುವಷ್ಟರಲ್ಲಿ ಹಳೆಯ ಪರದೆಯಿಂದ ಮೈಗಂಟಿದ ಉಡುಪು ಹೊಲಿದುಕೊಂಡನಲ್ಲ, ಅದಕ್ಕೆ ಜಿಪ್ ಇಲ್ಲ, ಗುಂಡಿ ಇಲ್ಲ, ಕೊಕ್ಕೆಯೂ ಇಲ್ಲ. ಕ್ಯಾಮೆರಾ ಅವನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಾಗ ನಾನು ಎದ್ದು ನಿಂತು ಅವನ ಬೆನ್ನು ಹುಡುಕಿದೆ. ಹಿಂದಿನ ಸಾಲಿನವರ ಬೈಗುಳ ಸಿಕ್ಕಿತೇ ಹೊರತು ಜಿಪ್ ಸಿಗಲಿಲ್ಲ.

ನನ್ನ ಹೆಂಡತಿಯ ತಮ್ಮ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಸಿನಿಮಾ ನೋಡಿ ನೇರ ನನ್ನ ಅಂಗಡಿಗೆ ಬಂದವನು, "ಭಾವ, ನಂಗೂ ಅಂಥದ್ದೇ ಬೇಕು. ಒಂದೂ ಜಿಪ್ ಇರಬಾರದು. ಆಗಲ್ಲ ಅಂದ್ರೆ ಹೇಳಿಬಿಡಿ, ಬೇರೆ ಕಡೆ ಹೋಗ್ತೀನಿ" ಎಂದ. ಆಗುವುದಿಲ್ಲ ಎಂಬ ಮಾತು ಈ ಅಂಗಡಿಯಿಂದ ಇದುವರೆಗೆ ಹೊರಬಿದ್ದಿಲ್ಲ. ಹಾಳು ಜಂಬ ನನ್ನದು, ಒಪ್ಪಿಕೊಳ್ಳುತ್ತೇನೆ. ಇವತ್ತು ಅವನಿಂದ ಅರ್ಧ ದಿನ ರಜೆ ಹಾಕಿಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಿಲ್ಲಿಸಿ, ಹನ್ನೊಂದು ತುಂಡುಗಳನ್ನು ಮೈಮೇಲೆಯೇ ಕೂಡಿಸಿ, ಕಂಕುಳಲ್ಲಿ ಎರಡೆರಡು ಹೊಲಿಗೆ ಹಾಕಿ, ಕೊನೆಯ ದಾರವನ್ನು ಕುತ್ತಿಗೆಯ ಹಿಂದೆ ಗಂಟುಹಾಕಿ ಹಲ್ಲಿನಲ್ಲಿ ಕಡಿದ ಮೇಲಷ್ಟೇ, ಇವನು ಹೊರಬರುವುದು ಹೇಗೆಂಬ ಪ್ರಶ್ನೆ ನಮ್ಮಿಬ್ಬರಿಗೂ ಒಟ್ಟಿಗೆ ಹೊಳೆಯಿತು.

ಈಗ ಮಧ್ಯಾಹ್ನ ಒಂದು ಗಂಟೆ. ಎರಡಕ್ಕೆ ಅವನು ಕಚೇರಿಯಲ್ಲಿರಬೇಕು. ಕತ್ತರಿ ತಂದರೆ ಕೈ ಅಡ್ಡ ಹಿಡಿಯುತ್ತಾನೆ. ಏನೋ ನಿನ್ನ ಹಟ ಎಂದು ಗದರಿದ್ದಕ್ಕೆ, "ಇದನ್ನ ಬಿಚ್ಚಿದ್ರೆ ಒಳಗಿರೋದು ಮತ್ತೆ ನಾನೇ ಅಲ್ವಾ ಭಾವ?" ಎಂದುಬಿಟ್ಟ. ಹೀಗೆಂದವನು ಯಾರು ಗೊತ್ತೇ, ಸ್ವಾಮಿ? ಹತ್ತು ವರ್ಷ ಧೂಳು ತಿಂದ ಅರ್ಜಿಯನ್ನೂ ಕಂತೆಗೆ ಕೈಹಾಕಿ ಒಂದೇ ಸಲಕ್ಕೆ ಹೊರಗೆಳೆಯುವವನು, ಯಾರನ್ನೂ ನಾಳೆ ಬಾ ಎಂದು ಅಟ್ಟದವನು ಅವನು. ಅದಕ್ಕಾಗಿ ಅವನನ್ನು ಯಾವ ಜಿಗಣೆಯೂ ಕಚ್ಚಬೇಕಾಗಿರಲಿಲ್ಲ. ಅಂಥವರ ಬದುಕನ್ನು ಮೊದಲ ಇಪ್ಪತ್ತು ನಿಮಿಷಕ್ಕೆ ಮುಗಿಸಿ, ಉಡುಪು ತೊಟ್ಟ ಮೇಲಷ್ಟೇ ವಾದ್ಯಮೇಳ ಬಾರಿಸಿದಿರಲ್ಲ, ಅದೇ ನನ್ನ ದೂರು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ತಮ್ಮ ನಾಯಕನನ್ನು ಗಡಿಯಾರ ಎರಡು ಹೊಡೆಯುವುದರೊಳಗೆ ನಮ್ಮ ಅಂಗಡಿಗೆ ಹಾರಿಸಿ ಕಳುಹಿಸಿ ಉಡುಪು ಬಿಚ್ಚುವ ಕ್ರಮವನ್ನು ತೋರಿಸಿಕೊಡಬೇಕು. ಅದಾಗದಿದ್ದರೆ, ನಮ್ಮವನು ಕಡತ ತೆಗೆದಾಗಲೆಲ್ಲ ಬಾರಿಸಲು ಆ ವಾದ್ಯಮೇಳವನ್ನೂ, ಬೀಸಲು ಒಂದು ಗಾಳಿಯಂತ್ರವನ್ನೂ ನೀರಿನ ಕಚೇರಿಗೆ ಕಾಯಂ ಆಗಿ ವರ್ಗಾಯಿಸಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
ಗುಂಡಿ, ಕಾಜಾಗಳಲ್ಲಿ ಇನ್ನೂ ನಂಬಿಕೆಯಿಟ್ಟಿರುವ ದರ್ಜಿ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿರುವಾಗ ನನ್ನ ಹೆಂಡತಿ ಬಂದಳು. ತಮ್ಮನಿಗೆ ಮೂರು ಚೊಂಬು ನೀರು ಕುಡಿಸಿ ಎದುರಿಗೆ ಕುಳಿತಳು. ಸ್ವಲ್ಪ ಹೊತ್ತಿಗೆಲ್ಲ ಅವನು, "ಭಾವ, ಬ್ಲೇಡ್ ಕೊಡಿ, ಬೇಗ!" ಎಂದು ಕೂಗಿ, ಹೊಲಿಗೆಯನ್ನು ತಾನೇ ಸರ್ರನೆ ಬಿಚ್ಚಿಕೊಂಡು ಬಚ್ಚಲಿಗೆ ಓಡಿದ, ಹೊರಬಂದು, ಅಂಗಿ ತೊಟ್ಟು, ಸರಿಯಾಗಿ ಎರಡಕ್ಕೆ ಕಚೇರಿಯಲ್ಲಿದ್ದ. ಇಡೀ ಸಿನಿಮಾದಲ್ಲಿ ತಮ್ಮ ನಾಯಕನಿಗೆ ಅಂಥ ಅವಸರ ಒಮ್ಮೆಯೂ ಬರಲಿಲ್ಲ. ಅವನು ಹಾರುವುದನ್ನು ಬೇಕಾದರೆ ನಂಬುತ್ತೇನೆ, ಇದನ್ನು ಮಾತ್ರ ನಂಬಲಾರೆ.