ಗುರುತೇ ಇಲ್ಲದಂತೆ ಅಳಿಸಿದ ಲೇಸರ್ ಯಂತ್ರಕ್ಕೆ, ಚಪ್ಪಲಿ ವಿಭಾಗದಿಂದ

ಮಾನ್ಯ ಲೇಸರ್ ಯಂತ್ರ ಮಹೋದಯರೇ,

ಚರ್ಮದ ಆಸ್ಪತ್ರೆಯ ಎರಡನೇ ಮಹಡಿಯ ತಣ್ಣನೆಯ ಕೋಣೆಯಲ್ಲಿ ಬಿಳಿ ಹೊದಿಕೆ ಹೊದ್ದು ಕ್ಷೇಮವಾಗಿರುವ ತಮಗೆ, ನಾಲ್ಕು ಮಹಡಿಯ ದೊಡ್ಡ ಅಂಗಡಿಯೊಂದರ ಚಪ್ಪಲಿ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ನಿಂತೇ ಇರುವ ಹೆಣ್ಣುಮಗಳೊಬ್ಬಳ ಗೌರವಪೂರ್ವಕ ನಮಸ್ಕಾರಗಳು. ತಾವು ನನ್ನ ಮುಖ ನೋಡಿರಲಿಕ್ಕಿಲ್ಲ. ಕಾಲನ್ನು ಮಾತ್ರ ಚೆನ್ನಾಗಿ ಬಲ್ಲಿರಿ. ಅರ್ಧ ವರ್ಷದ ಹಿಂದೆ ಮಂಡಿಯಿಂದ ಹಿಮ್ಮಡಿಯವರೆಗೆ ಜೇಡ ಬಲೆ ನೇಯ್ದಂತೆ ನೀಲಿ ಕೆಂಪು ನರಗಳು ಕಾಣುತ್ತಿದ್ದ ಆ ಎರಡು ಕಾಲುಗಳು ನನ್ನವೇ.

ತಮ್ಮ ಕೆಲಸದಲ್ಲಿ ಎತ್ತಿ ಆಡುವಂಥ ಒಂದೇ ಒಂದು ಕೊರತೆಯೂ ಇಲ್ಲವೆಂದು ಮೊದಲೇ ಬರೆದುಕೊಡುತ್ತೇನೆ. ನರ್ಸಮ್ಮ ನನಗೆ ಕಪ್ಪು ಕನ್ನಡಕ ಹಾಕಿ, ರಬ್ಬರ್ ಬ್ಯಾಂಡಿನಲ್ಲಿ ಹೊಡೆದಂತೆ ಚುರುಕ್ ಎನ್ನುತ್ತದೆ, ಅಷ್ಟೇ ಎಂದಿದ್ದರು, ಅಷ್ಟೇ ಆಯಿತು. ಮೂರು ಸಲ ಬಂದುಹೋಗುವಷ್ಟರಲ್ಲಿ ಬಲೆಯೂ ಇಲ್ಲ, ಜೇಡನೂ ಇಲ್ಲ. ನಮ್ಮ ಅತ್ತೆಯವರು ಕನ್ನಡಕ ಏರಿಸಿ, ದೀಪದ ಕೆಳಗೆ ಕೂರಿಸಿ ಹುಡುಕಿದರೂ ಒಂದು ಗೆರೆ ಸಿಗಲಿಲ್ಲ. ನನ್ನಲ್ಲಿ ಕುಂದು ಹುಡುಕಲು ಹೊರಟು ಅವರು ಬರಿಗೈಯಲ್ಲಿ ಎದ್ದದ್ದು ಅದೇ ಮೊದಲು. ನನ್ನ ದೂರು ಇರುವುದೂ ತಮ್ಮ ಈ ಪರಿಪೂರ್ಣತೆಯ ಮೇಲೆಯೇ.

ನಮ್ಮ ವಿಭಾಗದಲ್ಲಿ ಮೆತ್ತನೆಯ ಹದಿನಾಲ್ಕು ಕುರ್ಚಿಗಳಿದ್ದು, ಎಲ್ಲವೂ ಗಿರಾಕಿಗಳಿಗೆ ಮೀಸಲು. ನಾವು ಆರು ಜನ ಹೆಂಗಸರು ಬೆಳಗ್ಗೆ ಹತ್ತರಿಂದ ಅಂಗಡಿ ಮುಚ್ಚುವವರೆಗೆ, ಪಾದಕ್ಕೆ ಪರಮಸುಖ ಕೊಡುವ ಚಪ್ಪಲಿಗಳ ಗುಣಗಾನ ಮಾಡುತ್ತ ನಿಂತಿರಬೇಕು. ಮಾರುವವಳು ಕೂತರೆ ವ್ಯಾಪಾರ ಮಲಗಿಬಿಡುತ್ತದೆ ಎನ್ನುವುದು ಮ್ಯಾನೇಜರ ಸಿದ್ಧಾಂತ. ಆ ಕಲ್ಲು ಮನಸ್ಸನ್ನು ಕರಗಿಸಿದ್ದು ನನ್ನ ನರಗಳು. ಎರಡು ವರ್ಷದ ಕೆಳಗೆ ನಾನು ಸಂಕೋಚ ಬದಿಗಿಟ್ಟು ಅವರ ಮೇಜಿನ ಮುಂದೆ ಕಾಲು ತೋರಿಸಿದಾಗ, ಅವರು ಗಾಬರಿಬಿದ್ದು ಒಂದು ಸ್ಟೂಲು ಮಂಜೂರು ಮಾಡಿದರು. ಮಂಜೂರಾದದ್ದು ನನಗೊಬ್ಬಳಿಗಾದರೂ, ಸಾಕ್ಸ್ ಮಾರುವ ಅಕ್ಕನಿಂದ ಹಿಡಿದು ಬಿಲ್ಲು ಹಾಕುವ ತಂಗಿಯವರೆಗೆ ಆರೂ ಜನ ಪೆಟ್ಟಿಗೆಗಳ ಸಾಲಿನ ಹಿಂದೆ ಸರದಿ ಪ್ರಕಾರ ಅದರ ಮೇಲೆ ಕೂತು ಜೀವ ಹಿಡಿದುಕೊಂಡಿದ್ದೆವು.

ಹೀಗಿರುವಾಗ ಗಿರಾಕಿ ಅಮ್ಮನವರೊಬ್ಬರು ಹೊಸ ಚಪ್ಪಲಿ ಮೆಟ್ಟಿಕೊಂಡು, ನನ್ನ ಕಾಲಿನತ್ತ ನೋಡಿ, ಇದನ್ನು ಹಾಕಿಕೊಂಡರೆ ತಮ್ಮ ಕಾಲೂ ಹಾಗಾಗುತ್ತದೆಯೇ ಎಂದು ವಿಚಾರಿಸಿ, ಚಪ್ಪಲಿಯನ್ನು ಅಲ್ಲೇ ಬಿಟ್ಟು ಹೊರಟುಹೋದರು. ಮರುವಾರವೇ ಸುತ್ತೋಲೆ ಬಂತು: ಗಿರಾಕಿಗಳ ಕಣ್ಣಿಗೆ ಬೀಳುವಂಥ ನರಗಳುಳ್ಳ ಸಿಬ್ಬಂದಿ ಯಾರೇ ಆಗಲಿ, ಅಂಗಡಿಯ ಖರ್ಚಿನಲ್ಲಿ, ಕೆಲಸದ ವೇಳೆಯಲ್ಲೇ, ತಮ್ಮ ಸನ್ನಿಧಿಗೆ ಹೋಗಿಬರಬಹುದು. ನಾನು ಹಿಗ್ಗಿ ಹೀರೇಕಾಯಿಯಾಗಿ ಬಂದೆ. ಕೊನೆಯ ಸಲ ಮುಗಿಸಿಕೊಂಡು ಹೋದವಳು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅದು ಬಿಟ್ಟು ಮ್ಯಾನೇಜರ ಮುಂದೆ ಹೋಗಿ, ಗುರುತೇ ಉಳಿದಿಲ್ಲ ನೋಡಿ ಸಾರ್ ಎಂದು ತಿರುಗಿ ತಿರುಗಿ ತೋರಿಸಿದೆ. ಅವರೂ ಬಹಳ ಸಂತೋಷಪಟ್ಟು ಇಷ್ಟೇ ಹೇಳಿದರು: "ಹಾಗಾದ್ರೆ ಆ ಸ್ಟೂಲ್ ಇನ್ಯಾಕಮ್ಮ?"

ಈಗ ಆ ಸ್ಟೂಲು ರಸ್ತೆಗೆ ಕಾಣುವ ಗಾಜಿನ ಕಿಟಕಿಯಲ್ಲಿದೆ. ಅದರ ಮೇಲೆ ಬಂಗಾರದ ಬಣ್ಣದ ಚಪ್ಪಲಿಯೊಂದು ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತದೆ, ನಾವು ನಿಂತು ಅದನ್ನು ನೋಡುತ್ತಿರುತ್ತೇವೆ. ನೋವು ಎಲ್ಲಿತ್ತೋ ಅಲ್ಲೇ ಇದೆ ಮಹೋದಯರೇ. ತಾವು ಒರೆಸಿದ್ದು ಅದರ ಸಾಕ್ಷಿಯನ್ನು ಮಾತ್ರ. ಸಂಜೆ ಬಸ್ಸು ಹತ್ತುವಾಗ ಸಾಕ್ಸ್ ಅಕ್ಕ ಕಂಬಿ ಹಿಡಿದು ಹಲ್ಲು ಕಚ್ಚುವುದನ್ನು ಕಂಡಾಗಲೆಲ್ಲ ನನ್ನ ಈ ನುಣುಪು ಕಾಲಿನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಒಂದೇ ಒಂದು ನರವನ್ನು, ಎಡಗಾಲಿನ ಮೀನಖಂಡದ ಮೇಲೆ, ಮ್ಯಾನೇಜರ ಮೇಜಿನಿಂದ ಚೆನ್ನಾಗಿ ಕಾಣುವ ಗಾತ್ರದಲ್ಲಿ ವಾಪಸು ಮಾಡಬೇಕಾಗಿ ಬೇಡಿಕೊಳ್ಳುತ್ತೇನೆ. ಅದು ತಮ್ಮ ಕೈಲಾಗದಿದ್ದರೆ, ಪಕ್ಕದ ಕೋಣೆಯಲ್ಲಿ ಹಚ್ಚೆ ಅಳಿಸುವ ತಮ್ಮ ಸೋದರರನ್ನಾದರೂ ಒಮ್ಮೆ ಕಳಿಸಿಕೊಟ್ಟು, ನಮ್ಮ ಗೋಡೆಯ ಮೇಲಿರುವ 'ಮಾರಾಟ ಸಿಬ್ಬಂದಿ ಕೂರತಕ್ಕದ್ದಲ್ಲ' ಎಂಬ ಬರಹದ ಮೇಲೆ ಸ್ವಲ್ಪ ಬೆಳಕು ಹಾಯಿಸಲು ಹೇಳಬೇಕು. ಗೋಡೆಗೆ ಕನ್ನಡಕ ಬೇಕಾಗಲಾರದು.

ಹೊರಗಿನಿಂದ ಪೂರ್ತಿ ಗುಣವಾಗಿರುವ,
ತಮ್ಮ ವಿಶ್ವಾಸಿ,
ಚಪ್ಪಲಿ ವಿಭಾಗದಲ್ಲಿ ನಿಂತಿರುವಾಕೆ

ಮರೆತ ಮಾತು: ಪತ್ರ ಮಡಿಸುವ ಮೊದಲು ನಾವು ಆರೂ ಜನ ಗೋದಾಮಿನಲ್ಲಿ ಬಾಗಿಲು ಹಾಕಿಕೊಂಡು ಕಾಲು ನೋಡಿಕೊಂಡೆವು. ಸಾಕ್ಸ್ ಅಕ್ಕ ಹತ್ತು ವರ್ಷದಿಂದ ದಪ್ಪ ಕಾಲುಚೀಲದೊಳಗೆ ಬಚ್ಚಿಟ್ಟಿದ್ದನ್ನು ಬಿಚ್ಚಿ ತೋರಿಸಿದರು. ಅದರ ಮುಂದೆ ನನ್ನದು ಏನೇನೂ ಅಲ್ಲ. ಉಳಿದ ನಾಲ್ವರದರಲ್ಲೂ ಮೋಸವಿಲ್ಲ. ನನ್ನ ಮಂಡಿಯ ಹಿಂದೆಯೂ ಹೊಸದೊಂದು ಎಳೆ ಮೂಡಿದೆ. ದಿನವಿಡೀ ನಿಂತರೆ ಅದಾದರೂ ಇನ್ನೇನು ಮಾಡೀತು. ಸುತ್ತೋಲೆಯ ಪ್ರಕಾರವೇ ಎಲ್ಲರೂ ಅರ್ಜಿ ಕೊಟ್ಟು, ಬರುವ ಶನಿವಾರ, ವ್ಯಾಪಾರ ಜೋರಾಗಿರುವ ಹೊತ್ತಿಗೆ ಸರಿಯಾಗಿ, ಒಟ್ಟಿಗೆ ತಮ್ಮಲ್ಲಿಗೆ ಬರುತ್ತಿದ್ದೇವೆ. ತಮ್ಮ ಕೋಣೆಯ ಹೊರಗೆ ಕಾಯುವವರಿಗೆಂದು ಉದ್ದನೆಯ ಸೋಫಾ ಇದೆಯಲ್ಲ, ಅಷ್ಟು ಸಾಕು. ತಾವು ದಯವಿಟ್ಟು ಆತುರಪಡದೆ ಒಬ್ಬೊಬ್ಬರನ್ನೇ ನಿಧಾನವಾಗಿ ನೋಡಿ. ಅಲ್ಲಿಯವರೆಗೂ ಚಪ್ಪಲಿ ವಿಭಾಗದಲ್ಲಿ ಮ್ಯಾನೇಜರೊಬ್ಬರೇ ನಿಂತಿರುತ್ತಾರೆ.