ಊರಲ್ಲೇ ಇಲ್ಲದ ನರ್ಸಮ್ಮ

ಸಿದ್ದಾಪುರದ ಆಚೆ ಬಂಡೆಗಳ ನಡುವೆ ಸ್ಕೂಟರ್ ನಿಲ್ಲಿಸಿ ಮೂರನೇ ಸಲ ದಾರಿ ಕೇಳುತ್ತಿದ್ದೆ. ದೇಶ ದೇಶ ಸುತ್ತಿದವಳು ನಾನು. ಕಳೆದುಹೋಗುವುದು ಮಾತ್ರ ಯಾವಾಗಲೂ ಮನೆಯ ಹತ್ತಿರವೇ. ಸರ್ಕಾರಿ ಕೆಲಸದ ಫಾರಂಗಳ ಹಣೆಬರಹವೂ ಹೀಗೇ. ಸುಳ್ಳುಗಾರರು ಸಲೀಸಾಗಿ ದಾಟುತ್ತಾರೆ, ಸಾಚಾಗಳು ಸಿಕ್ಕಿಬೀಳುತ್ತಾರೆ.

ಈ ಸಲ ಸಿಕ್ಕಿಬಿದ್ದವಳು ಚಳ್ಳಕೆರೆಯ ನಮ್ಮ ಮಹಡಿ ಕೋಣೆಯಲ್ಲಿದ್ದು ನರ್ಸಿಂಗ್ ಓದಿದ ಹುಡುಗಿ. ಸರ್ಕಾರಿ ಆಸ್ಪತ್ರೆಯ ಕೆಲಸ ಕೈಗೆ ಬಂದಿತ್ತು. ಪೊಲೀಸ್ ವೆರಿಫಿಕೇಶನ್ನಿಗೆಂದು ಅವಳು ಬೆಳೆದ ಅಜ್ಜಿಯ ಊರಿಗೆ ಹೋದ ಪೇದೆ, ‘ಈ ವಿಳಾಸದಲ್ಲಿ ಅಂಥವರು ಯಾರೂ ಇಲ್ಲ’ ಎಂದು ಬರೆದುಕೊಂಡು ಬಂದಿದ್ದ. ವರದಿ ಸಂಜೆ ಐದಕ್ಕೆ ಮೊಳಕಾಲ್ಮೂರಿನಿಂದ ಹೊರಡುತ್ತಿತ್ತು. ಅದು ಹೊರಟರೆ ಕೆಲಸ ಹೋದಂತೆಯೇ.

೧. ಊರೇ ಅಲ್ಲ

ಕಲ್ಲಿಗೊರಗಿ ಬೀಡಿ ಸೇದುತ್ತಿದ್ದವನನ್ನು ಕೇಳಿದೆ.

“ಲೇದಮ್ಮ. ಆ ಹುಡುಗಿ ಇಲ್ಲ. ಆ ಅಜ್ಜಿನೂ ಇಲ್ಲ.”

“ಊರಾದರೂ ಇದೇ ತಾನೇ?”

“ಅಲ್ವೇ ಅಲ್ಲ.”

ಅವನು ಒರಗಿದ್ದ ಕಲ್ಲಿನ ಮೇಲೆ ಊರಿನ ಹೆಸರು ದಪ್ಪಗೆ ಬರೆದಿತ್ತು. ತೋರಿಸಿದೆ.

“ಅದು ಹಳೇ ಕಲ್ಲು” ಎಂದ.

೨. ಮೇಯ್ದವರು ಯಾರು?

ಎಡವಟ್ಟಿನ ಮೂಲ ಫಾರಂನಲ್ಲೇ ಇತ್ತು. ‘ಎಂದಾದರೂ ಬಂಧನ, ದಂಡ?’ ಎಂಬ ಕಡೆ ಹುಡುಗಿ ‘ಹೌದು’ ಅಂತ ಬರೆದಿದ್ದಳು. ಕೆಳಗೆ ವಿವರ: ‘ಪಕ್ಕದವರ ಹೊಲ ಮೇಯ್ದದ್ದಕ್ಕೆ ಒಂದು ದಿನ ದೊಡ್ಡಿಗೆ ಕೂಡಿದ್ದರು. ದಂಡ ಕಟ್ಟಿ ಬಿಡಿಸಿಕೊಂಡೆವು.’

ಬೆಳಗ್ಗೆ ಅದನ್ನೋದಿ ನನಗೆ ತಲೆ ಕೆಟ್ಟಿತ್ತು. “ಇದನ್ಯಾಕೆ ಬರೆದೆ?”

“ಮುಚ್ಚಿಟ್ರೆ ಕೆಲಸ ಹೋಗುತ್ತೆ ಅಂತ ಐತಲ್ಲ ಆಂಟಿ!”

“ಸರಿ ಕಣೇ, ಮೇಯ್ದಿದ್ದು ಮೇಕೆ ಅಂತ ಬರೀಬೇಡ್ವಾ?”

“ಜಾಗ ಸಾಲಲಿಲ್ಲ.”

೩. ನಿಜವನ್ನೇ ಹೇಳುತ್ತೇನೆ

ಕೊನೆಗೂ ಅಜ್ಜಿ ಸಿಕ್ಕಿದಾಗ ಮೂರು ಗಂಟೆ. ನಾನು ಪೊಲೀಸಲ್ಲ ಎಂದು ನಂಬಿಸುವ ಹೊತ್ತಿಗೆ ನಾಲ್ಕು.

“ಮೊಮ್ಮಗಳನ್ನ ಯಾವಾಗ ಕೂಡಿಹಾಕಿದ್ರು ಅಂತ ಪೊಲೀಸ್ನೋನು ಕೇಳ್ಕೊಂಡು ಬಂದ್ರೆ, ಇದಾಳೆ ಬಾ ಸಾಮಿ, ಟೀ ಕುಡಿ ಅಂತೀನಾ? ಊರೋರಿಗೆಲ್ಲಾ ಹೇಳ್ದೆ, ಯಾರೂ ಬಾಯಿ ಬಿಡಬ್ಯಾಡ್ರಿ ಅಂತ.”

“ಅವ್ವಾ, ಗಾಡಿ ಹತ್ರಿ. ಠಾಣೆಯಲ್ಲಿ ಕೇಳಿದ್ದಕ್ಕೆಲ್ಲ ನಿಜ ಹೇಳ್ರಿ, ಸಾಕು.”

ಮೊಳಕಾಲ್ಮೂರು ತಲುಪಿದಾಗ ಪೇದೆ ಲಕೋಟೆಗೆ ಅಂಟು ಹಚ್ಚುತ್ತಿದ್ದ. ಮೇಕೆಯ ಕಥೆ ಕೇಳಿ ಕೈ ತಡೆದ. ಪೆನ್ನು ತೆಗೆದ.

“ಅಜ್ಜಿ, ಹುಡುಗೀದು ಜಗಳ ಗಿಗಳ ಏನಾದ್ರೂ?”

“ಐತೆ ಸಾಮಿ. ದಿನಾ ಐತೆ.”

ನಾನು ಅಜ್ಜಿಯ ಸೆರಗು ಜಗ್ಗಿದೆ.

“ಯಾರ ಜೊತೆ?”

“ನನ್ ಜೊತೆ. ಬೀಪಿ ಮಾತ್ರೆ ನುಂಗು ಅಂತ. ಒಂದಿನ ಮೂಗು ಹಿಡಿದು ನುಂಗಿಸಿದ್ಲು.”

ಪೇದೆ ನಗು ನುಂಗಿಕೊಂಡು ಹಳೆಯ ಸಾಲು ಹೊಡೆದುಹಾಕಿದ. “ಇನ್ನೊಂದು ಬಾಕಿ ಐತೆ. ಪರಿಚಿತರ ಹೇಳಿಕೆ. ಚಳ್ಳಕೆರೆ ಮೇಡಂ ಒಬ್ರು, ಯಾವಾಗ ವಿಚಾರಿಸಿದ್ರೂ ಮನೆಗೆ ಬೀಗ.”

ಆ ಮೇಡಂ ನಾನೇ. ನಿನ್ನ ಪರವಾಗಿ ಹೇಳಿಕೆ ಕೊಡುತ್ತೇನೆಂದು ಹುಡುಗಿಗೆ ಮಾತು ಕೊಟ್ಟು ನೇಪಾಳಕ್ಕೆ ಹೋಗಿ ಕೂತವಳು. “ಅದು ನಾನೇ” ಎಂದು ಪೆನ್ನಿಗೆ ಕೈ ಚಾಚಿದೆ.

ಪೇದೆ ಅಜ್ಜಿಯತ್ತ ತಿರುಗಿದ. “ಇವ್ರು ನಂಬಿಗಸ್ತರಾ ಅಜ್ಜಿ? ಎಷ್ಟು ಕಾಲದಿಂದ ಗೊತ್ತು?”

ಅಜ್ಜಿ ಗೋಡೆ ಗಡಿಯಾರ ನೋಡಿದಳು. “ಮೂರು ಗಂಟೆಯಿಂದ ಸಾಮಿ. ನಂಬಿಕೆ ವಿಷಯ ಕೇಳಿದ್ರೆ... ಗಾಡಿ ಓಡ್ಸಿದ್ದು ನೋಡಿದ್ಮೇಲೆ, ಏನೂ ಹೇಳಕ್ಕಾಗಲ್ಲ.”

ಅವನು ಅದನ್ನೂ ಬರೆದುಕೊಳ್ಳುವ ಮೊದಲೇ ಸಹಿ ಹಾಕಿ ಬಾಕಿ ತೀರಿಸಿದೆ.