ಫಣಿರಾಯರ ಓಟನುಂಗಿ

"ಓಡೋ ಗಾಡಿ ನಿಂತಾಗ, ಆ ಓಟ ಎಲ್ಲಿಗೆ ಹೋಗತ್ತೆ?"

ಪ್ರಶ್ನೆ ಬಂದದ್ದು ಕಾರಿನ ಕೆಳಗಿನಿಂದ. ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಪಕ್ಕದ ಮನೆಯ ಅಂಗಳದಲ್ಲಿ ಕಾರು ಜಾಕಿನ ಮೇಲೆ ಒಂದು ಕಾಲೆತ್ತಿ ನಿಂತಿತ್ತು. ಅದರಡಿಯಿಂದ ಫಣಿರಾಯರ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಕಾಂಪೌಂಡಿನ ಈಚೆ ನಾನು ದಾಸವಾಳ ಕೊಯ್ಯುತ್ತಲೇ ಇದ್ದೆ. ಅಪ್ಪನ ತೊಡೆಯ ಮೇಲೆ ಕೂತು ಕಾವ್ಯವಾಚನ ಕೇಳುತ್ತ ಬೆಳೆದವಳು ನಾನು. ಎಂಥ ಪ್ರಶ್ನೆಗಾದರೂ ಮುಂದಿನ ಪದ್ಯದಲ್ಲಿ ಉತ್ತರವಿರುತ್ತದೆ, ನಡುವೆ ಬಾಯಿ ಹಾಕಬಾರದು ಎಂದು ಆಗಲೇ ಕಲಿತಿದ್ದೆ.

ಫಣಿರಾಯರ ಮನೆಯಲ್ಲಿ ಮಾತ್ರ ಮುಂದಿನ ಪದ್ಯವೆಂದರೆ ಸಾಮಾನ್ಯವಾಗಿ ಹೊಗೆ!

ಅವರು ಲೇತ್ ಕೆಲಸ ಕಲಿಸುವ ಮೇಷ್ಟರಾಗಿದ್ದು ನಿವೃತ್ತರಾದವರು. ಹೋದ ವರ್ಷ ತಾನಾಗಿ ತಿರುಗುವ ಒಗ್ಗರಣೆ ಸೌಟು ಮಾಡಿ, ಸಿಡಿದ ಸಾಸಿವೆಯನ್ನು ನಮ್ಮ ತುಳಸಿಕಟ್ಟೆಯವರೆಗೆ ಹಾರಿಸಿದ್ದರು.

"ವಾರಿಜಮ್ಮ, ಬನ್ನಿ ಇಲ್ಲಿ! ಇದನ್ನ ನೋಡಿ!" ಎನ್ನುತ್ತ ಹೊರಗೆ ತೆವಳಿ ಬಂದರು. ಕೈಯಲ್ಲಿ ಹಳೆಯ ಬ್ರೇಕ್ ಪ್ಯಾಡು. ಹೆಬ್ಬೆರಳಿನ ದಪ್ಪ ಇರಬೇಕಾದದ್ದು ಸವೆದು ಹಪ್ಪಳವಾಗಿತ್ತು.

"ಸಂತೇಪೇಟೆ ಇಳಿಜಾರು ತಿಂದು ಹಾಕಿದ್ದು! ಎರಡು ವರ್ಷಕ್ಕೆ ಇದು ಮೂರನೇ ಜೊತೆ. ಮತ್ತೆ ಇದು ನೋಡಿ, ಸೆನ್ಸರು."

ಒಂದು ತಂತಿ, ಅದರ ತುದಿಗೆ ಕಡಲೆಕಾಳಿನಷ್ಟು ತಲೆ. ತಲೆಯ ಮೂಗು ಉಜ್ಜಿ ಹೋಗಿತ್ತು.

"ಪ್ಯಾಡ್ ಜೊತೆ ಇದೂ ಸವೀತಾ ಹೋಗತ್ತೆ. ಇದರೊಳಗಿನ ತಂತಿ ತುಂಡಾದ ಕೂಡಲೇ ನನ್ನ ಮುಂದೆ ಕೆಂಪು ದೀಪ ಹತ್ತತ್ತೆ. ಅಷ್ಟೇ, ಇದರ ಆಯುಸ್ಸು ಅಲ್ಲಿಗೆ ಮುಗೀತು. ತಾನು ಹೋಗಿ ನಮ್ಮನ್ನ ಉಳಿಸತ್ತೆ!"

ಕಾವ್ಯದ ಯುದ್ಧಗಳಲ್ಲಿ ಹೆಸರೂ ಇಲ್ಲದೆ ಮೊದಲ ಸಾಲಿನಲ್ಲೇ ಬೀಳುವ ಕಾಲಾಳುಗಳಿರುತ್ತಾರಲ್ಲ, ಅವರು ನೆನಪಾದರು.

ಅಷ್ಟರಲ್ಲಿ ಅವರ ಹೆಂಡತಿ ಮಂದಾಕಿನಿ ಕಾಫಿ ಲೋಟ ಹಿಡಿದು ಬಂದಳು.

"ಹೊಸ ಪ್ಯಾಡು, ಹೊಸ ಸೆನ್ಸರು ಹಾಕಿಸಿ ಅಂತ ಮೆಕ್ಯಾನಿಕ್ಕು ಹೇಳಿ ತಿಂಗಳಾಯ್ತು ವಾರಿಜಕ್ಕ. ಇವರಿಗೆ ಅಂಗಡೀದು ಆಗಲ್ಲ!"

"ಅಂಗಡೀದು ಉಜ್ಜತ್ತೆ ಕಣೇ! ಉಜ್ಜಿದ್ರೆ ಸವೀಲೇಬೇಕು. ಉಜ್ಜದೇನೇ ನಿಲ್ಲಿಸಿದ್ರೆ?" ಎಂದು ಫಣಿರಾಯರು ಪಂಚೆಯ ಗಂಟಿನಿಂದ ಎರಡು ಕಪ್ಪು ಬಿಲ್ಲೆ ತೆಗೆದರು. "ಇದು ಓಟನುಂಗಿ! ಚಕ್ರವನ್ನ ಮುಟ್ಟೋದೇ ಇಲ್ಲ. ಹತ್ತಿರ ಬಂದು ಅದರ ಓಟವನ್ನ ನುಂಗಿಬಿಡತ್ತೆ! ಹಳೇ ಸೆನ್ಸರಿನ ತಂತಿ ಅರ್ಧ ಕತ್ತರಿಸಿ ಹೊಸ ಸೆನ್ಸರಿಗೆ ಬೆಸೆದಿದೀನಿ. ಅನುಭವಸ್ಥ ತಂತಿ!"

"ನುಂಗಿದ್ದು ಎಲ್ಲಿಗೆ ಹೋಗತ್ತೆ?" ಎಂದಳು ಮಂದಾಕಿನಿ.

"ಎಲ್ಲೋ ಹೋಗತ್ತೆ. ಅದು ಸಣ್ಣ ವಿಷಯ."

"ನೀವು ನುಂಗಿದ ಹೋಳಿಗೆ ಎಲ್ಲಿಗೆ ಹೋಯ್ತು ಅಂತ ನಿಮ್ಮ ಹೊಟ್ಟೆ ನೋಡಿದ್ರೆ ಗೊತ್ತಾಗತ್ತೆ. ಇದರದ್ದು?"

ಫಣಿರಾಯರು ಹಳೇ ಸೆನ್ಸರನ್ನು ಜಗುಲಿಯ ಡಬ್ಬಕ್ಕೆ ಎಸೆದರು. ಬಿಲ್ಲೆಗಳನ್ನು ಕೂರಿಸಿ, ಸೆನ್ಸರು ಸಿಕ್ಕಿಸಿ, ಚಕ್ರ ಬಿಗಿದು, ಕಾರನ್ನು ಬೀದಿಗೆ ಇಳಿಸಿದರು. ತುದಿಯವರೆಗೆ ಹೋಗಿ ತಿರುಗಿ ರೊಯ್ಯನೆ ಬಂದರು. ಗೇಟಿನ ಮುಂದೆ ಬ್ರೇಕ್ ಒತ್ತಿದರು. ಕಿರ್ ಇಲ್ಲ, ಕೀಚ್ ಇಲ್ಲ! ಹೊಗಳಿಕೆ ಕೇಳಿಸಿಕೊಂಡ ಸೊಸೆಯ ಹಾಗೆ ಕಾರು ತಟ್ಟನೆ ನಿಂತಿತು!

ಅದೇ ಗಳಿಗೆಯಲ್ಲಿ, ಜಗುಲಿಯ ಮೇಲಿದ್ದ ಹಳೇ ಸಾಮಾನಿನ ಡಬ್ಬ ಢಣ್ ಎಂದು ನೆಗೆದು, ಅಂಗಳ ದಾಟಿ, ಚರಂಡಿಯ ಅಂಚಿನವರೆಗೆ ಉರುಳಿತು.

"ಹಾಳಾದ ಬೆಕ್ಕು!" ಎಂದಳು ಮಂದಾಕಿನಿ.

ಬೆಕ್ಕು ಆಗ ನನ್ನ ಕಾಲ ಬುಡದಲ್ಲೇ ಮಲಗಿತ್ತು. ಹೇಳೋಣವೆಂದುಕೊಳ್ಳುವಷ್ಟರಲ್ಲಿ ಡಬ್ಬದಿಂದ ಬಿದ್ದ ಆ ಮೂಗಿಲ್ಲದ ಸೆನ್ಸರನ್ನು ಕಂಡೆ. ಅಷ್ಟು ದಿನ ಜೀವ ಕಾಯ್ದದ್ದು ಚರಂಡಿಗೆ ಬೀಳುವುದೇ? ನಮ್ಮ ಮನೆಯಲ್ಲಿ ಮೊಂಡಾದ ಈಳಿಗೆಮಣೆಗೂ ಅರಿಶಿನ ಕುಂಕುಮವಿಟ್ಟೇ ಬೀಳ್ಕೊಡುವುದು. ಎತ್ತಿ ತಂದು, ತೊಳೆದು, ಕುಂಕುಮವಿಟ್ಟು, ಹೂಬುಟ್ಟಿಯಲ್ಲಿ ಇಟ್ಟುಕೊಂಡೆ.

ಅಂದು ಶನಿವಾರ. ಸಂತೇಪೇಟೆ ಇಳಿಜಾರಿನ ಬುಡದಲ್ಲಿರುವ ಭಜನಾ ಮಂದಿರದಲ್ಲಿ ಸಂಜೆ ಐದಕ್ಕೆ ಶ್ರೀಕಂಠಾವಧಾನಿಗಳ ವಾಚನ. ಎಪ್ಪತ್ತೊಂಬತ್ತರ ವಯಸ್ಸು, ಕಂಚಿನ ಕಂಠ. ಒಮ್ಮೆ ಮಣೆಯ ಮೇಲೆ ಕೂತರೆ ಮಂಗಳ ಹಾಡುವವರೆಗೆ ಏಳುವವರಲ್ಲ, ನಿಲ್ಲಿಸುವವರಲ್ಲ. ನಲವತ್ತೊಂದು ವರ್ಷದಲ್ಲಿ ಒಂದು ದಿನವೂ ಆ ನೇಮ ತಪ್ಪಿಲ್ಲ. ಕೇಳುಗರು ಮಾತ್ರ ಫಣಿರಾಯರ ಪ್ಯಾಡಿನ ಹಾಗೆ ಸವೆದಿದ್ದರು. ಉಳಿದವರು ನಾನು, ನಿದ್ದೆಗೆಂದೇ ಬರುವ ಒಬ್ಬರು, ಮಳೆ ಬಂದರೆ ಮಾತ್ರ ಒಳಬರುವ ಇನ್ನೊಬ್ಬರು. ಅಂದು ಮಳೆ ಇರಲಿಲ್ಲ.

ಬಾಗಿಲ ಬಳಿ ಹೊಚ್ಚಹೊಸ ಟೇಬಲ್ ಟೆನಿಸ್ ಮೇಜೊಂದು ನಿಂತಿತ್ತು. ಒಂದು ಕಡೆಯ ಮಡಚುಕಾಲು ಮಾತ್ರ ಬಿಡಿಸಿ ನಿಲ್ಲಿಸಿದ್ದರಿಂದ ಇನ್ನೊಂದು ಕಡೆ ನೆಲಕ್ಕೆ ಇಳಿಬಿದ್ದಿತ್ತು. ಪಕ್ಕದಲ್ಲಿ ಧರ್ಮದರ್ಶಿ ಮುಕುಂದಯ್ಯನವರು.

"ಅವಧಾನಿಗಳೇ, ತಪ್ಪು ತಿಳೀಬೇಡಿ. ಕಮಿಟಿ ತೀರ್ಮಾನ. ಇವತ್ತು ಐವತ್ತು ಜನ ಸೇರಿದ್ರೆ ಸರಿ. ಇಲ್ಲಾಂದ್ರೆ ಬರೋ ಶನಿವಾರದಿಂದ ಇಲ್ಲಿ ಆಟ."

ಅವಧಾನಿಗಳು ಖಾಲಿ ಜಮಖಾನೆಯನ್ನು ಒಮ್ಮೆ ನೋಡಿ, "ಐವತ್ತು," ಎಂದು ಮೆಲ್ಲಗೆ ಹೇಳಿಕೊಂಡರು. ಈ ದನಿ ನಿಂತುಹೋದರೆ ನನ್ನ ಶನಿವಾರಗಳಿಗೆ ಏನು ಉಳಿದೀತು?

ಅವರು ಕೂರುವ ಮಣೆಯ ಒಂದು ಕಾಲು ಗಿಡ್ಡ. ಪ್ರತಿ ಏರುದನಿಗೂ ಅದು ಟಕ್ಕೆಂದು ತಾಳ ತಪ್ಪಿಸುತ್ತಿತ್ತು. ಕೊನೆಯ ದಿನವಾದರೂ ನೆಟ್ಟಗಿರಲಿ ಎಂದು, ಹೂಬುಟ್ಟಿಯಲ್ಲಿದ್ದ ಸೆನ್ಸರಿನ ತಂತಿಯನ್ನು ಸುರುಳಿ ಸುತ್ತಿ ಆ ಕಾಲಿನ ತಳದ ಸೀಳಿಗೆ ಒತ್ತಿ ಕೂರಿಸಿದೆ. ಅಳತೆ ತೆಗೆದು ಮಾಡಿದಂತೆ ಕೂತಿತು! ಆ ಬಡಜೀವಕ್ಕೂ ನಾಲ್ಕು ಪದ್ಯ ಕೇಳಿದ ಪುಣ್ಯ ಬರಲಿ ಎಂದು ಕೈಮುಗಿದೆ.

ವಾಚನ ಆರಂಭವಾಯಿತು. ರಥವೊಂದು ಯುದ್ಧಕ್ಕೆ ಹೊರಡುವ ಸಂದರ್ಭ. ಸಾರಥಿ ಹಗ್ಗ ಸಡಿಲಿಸಿದ, ಕುದುರೆಗಳು ಕೆನೆದವು ಎಂದು ಅವಧಾನಿಗಳು ದನಿ ಏರಿಸಿದ್ದೇ ತಡ, ಮಣೆ ಸರ್ರನೆ ಒಂದು ಮಾರು ಮುಂದೆ ಸರಿಯಿತು!

ನಿದ್ದೆಯವರು ಎಚ್ಚರಾದರು. ಹನ್ನೊಂದು ವರ್ಷದಲ್ಲಿ ಅದೇ ಮೊದಲು!

"ಅವಧಾನಿಗಳೇ! ಏನದು!" ಎಂದು ಮುಕುಂದಯ್ಯ ಕಿರುಚಿದರು.

ಮಂಗಳಕ್ಕೆ ಮುನ್ನ ಬೇರೆ ಮಾತಿಲ್ಲ. ಅವಧಾನಿಗಳು ಕಣ್ಣಲ್ಲೇ ಗದರಿ ಮುಂದಿನ ಪದ್ಯ ಹಿಡಿದರು. ಮಣೆ ಇನ್ನೊಮ್ಮೆ ಸರಿಯಿತು. ಮತ್ತೊಮ್ಮೆ! ನಾಲ್ಕನೆಯ ಸಲ ಅದು ಬಿಲ್ಲಿನಿಂದ ಬಿಟ್ಟ ಬಾಣ! ವೇದಿಕೆಯಿಂದ ಹಾರಿ, ಜಮಖಾನೆ ಸೀಳಿ, ಇಳಿಬಿದ್ದ ಟೆನಿಸ್ ಮೇಜನ್ನು ಏರಿ, ಬಾಗಿಲಿನಿಂದ ಹೊರಕ್ಕೆ! ಮೇಜಿನ ಬಲೆ ಸನ್ಮಾನದ ಶಾಲಿನಂತೆ ಅವಧಾನಿಗಳ ಹೆಗಲಿಗೆ ಬಿತ್ತು. ಕೂತ ಚಕ್ಕಂಬಕ್ಕಳ ಕದಲಲಿಲ್ಲ. ರಾಗವೂ ಕದಲಲಿಲ್ಲ.

"ಅಯ್ಯೋ, ಹಿಡೀರಿ ಯಾರಾದ್ರೂ!" ಎಂದು ಮುಕುಂದಯ್ಯ ಓಡಿದರು. ಅವಧಾನಿಗಳ ಉತ್ತರೀಯ ಎತ್ತಿಕೊಂಡು ನಾನೂ ಓಡಿದೆ. ಅರವತ್ತರ ಮೇಲೆ ನಾನು ಓಡಿದ್ದು ಅದೇ ಮೊದಲು.

ಮಣೆ ಇಳಿಜಾರನ್ನು ಏರುತ್ತಿತ್ತು! ನಾಲ್ಕು ಮಾರು ಜಾರುವುದು, ನಿಲ್ಲುವುದು. ನಿಂತಲ್ಲಿ ಒಂದು ಪದ್ಯ. ಮತ್ತೆ ಜಾರುವುದು. ಬಜ್ಜಿ ಅಂಗಡಿಯವನು ಜಾಲರಿ ಸೌಟು ಹಿಡಿದೇ ಹಿಂದೆ ಬಂದ. ಅವನ ಗಿರಾಕಿಗಳು ಬಜ್ಜಿ ಹಿಡಿದು ಬಂದರು. ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ಬಂದರು.

"ಯಾವ ಕಂಪನಿ ಗಾಡಿ ಸಾರ್ ಇದು? ಸ್ಟೇರಿಂಗೇ ಕಾಣಲ್ಲ!"

"ಶ್, ಸುಮ್ನಿರಯ್ಯ! ಕುದುರೆ ಈಗ ಬಾಣದ ಮಳೆ ದಾಟ್ತಿದೆ. ಆಮೇಲೇನಾಯ್ತು ಕೇಳೋಣ!"

ಇಳಿಜಾರಿನ ನೆತ್ತಿಯಲ್ಲಿ ಮಣೆ ನಿಂತಿತು. ಆಗ ದೂರದ ರೈಲ್ವೆ ಗೇಟಿನ ಕಡೆ ನೋಡಿದೆ. ಗೇಟು ಮುಚ್ಚಿತ್ತು. ಅಲ್ಲಿಂದ ತಿರುಗಿ ನಮ್ಮತ್ತ ಬರುತ್ತಿದ್ದದ್ದು ಫಣಿರಾಯರ ತಿಳಿನೀಲಿ ಕಾರು! ಅವರು ಹಸುವೊಂದಕ್ಕೆ ಬ್ರೇಕ್ ಒತ್ತಿದರು. ಕಾರು ನಿಂತಿತು. ಮಣೆ ಗಿರಕ್ಕನೆ ದಿಕ್ಕು ಬದಲಿಸಿ, ಕಾರಿನ ಮುಖ ಇದ್ದ ಕಡೆಗೇ ಇಳಿಜಾರಿಗೆ ಜಾರಿತು!

ಡಬ್ಬ ನೆಗೆದದ್ದು ನೆನಪಾಯಿತು. ಅನುಭವಸ್ಥ ತಂತಿಯೂ ನೆನಪಾಯಿತು. ನುಂಗಿದ ಓಟವೆಲ್ಲ ತಂತಿಯ ಇನ್ನರ್ಧ ಎಲ್ಲಿದೆಯೋ ಅಲ್ಲಿಗೆ ಬರುತ್ತಿದೆ! ಆ ಇನ್ನರ್ಧ ಇರುವುದು ಅವಧಾನಿಗಳ ಕೆಳಗೆ! ಅಲ್ಲಿಟ್ಟವಳು ನಾನು! ಕುಂಕುಮ ಹಚ್ಚಿ, ಕೈಮುಗಿದು ಇಟ್ಟವಳು!

"ಬ್ರೇಕ್ ಹಾಕಬೇಡಿ!" ಎಂದು ಕಿರುಚಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

ಕಾರು ಆಗಲೇ ಇಳಿಜಾರಿಗೆ ಬಿದ್ದಿತ್ತು. ನನ್ನ ಪಕ್ಕದಲ್ಲೇ ಹಾದುಹೋಯಿತು. ಕಿಟಕಿಯಿಂದ ಮಂದಾಕಿನಿಯ ದನಿ ಕೇಳಿತು.

"ವಾರಿಜಕ್ಕ ಬ್ರೇಕ್ ಹಾಕಬೇಡಿ ಅಂತಿದಾರೆ ರೀ!"

"ಮುಂದೆ ಅವಧಾನಿಗಳು ಕೂತಿದಾರೆ ಕಣೇ! ರಸ್ತೆ ಮಧ್ಯ!"

"ಹಾಗಾದ್ರೆ ಹಾಕಿ!"

"ಹಾಕಬೇಡಿ ಅಂದ್ಯಲ್ಲ!"

"ನನ್ನ ಮಾತು ಯಾವತ್ತು ಕೇಳಿದೀರಿ? ಇವತ್ತು ಕೇಳಬೇಡಿ, ಹಾಕಿ!"

ನಾನು ಕಣ್ಣು ಮುಚ್ಚಿಕೊಂಡೆ. ಫಣಿರಾಯರು ಎರಡೂ ಕಾಲಿನಿಂದ ತುಳಿದಿರಬೇಕು. ತೆರೆದು ನೋಡಿದರೆ ಕಾರು ಮಣೆ ಇದ್ದ ಜಾಗಕ್ಕಿಂತ ಒಂದು ಗೇಣು ಹಿಂದೆ ನಿಂತಿದೆ. ಮಣೆ ಅಲ್ಲಿಲ್ಲ!

ಇಳಿಜಾರಿನುದ್ದಕ್ಕೂ ಒಂದೇ ಒಂದು ದೀರ್ಘ ಆಲಾಪ ಕೇಳಿಸುತ್ತಿತ್ತು. ಅವಧಾನಿಗಳು ಬಲೆ ಹೊದ್ದು, ಬಿಳಿಯ ಜುಟ್ಟು ಹಾರಿಸುತ್ತ, ಮಂದಿರದ ಬಾಗಿಲು ಹೊಕ್ಕು, ಮೇಜಿನ ಎತ್ತರದ ಕಡೆಗೆ ಹಾರಿ ಇಳಿಬಿದ್ದ ಕಡೆಯಿಂದ ಇಳಿದು, ವೇದಿಕೆಯ ಮೇಲೆ ತಮ್ಮ ಹಳೆಯ ಜಾಗದಲ್ಲೇ ದಢ್ ಎಂದು ನಿಂತರು. ಇಳಿಜಾರಿನ ಜನವೆಲ್ಲ ಹಿಂದೆಯೇ ನುಗ್ಗಿತು. ಜಮಖಾನೆ ಸಾಲಲಿಲ್ಲ. ಟೆನಿಸ್ ಮೇಜಿನ ಮೇಲೂ ಹತ್ತು ಜನ ಕೂತರು. ರಥ ಗೆದ್ದು ಬಂತು. ಅವಧಾನಿಗಳು ಮಂಗಳ ಹಾಡಿದರು.

ಮುಕುಂದಯ್ಯ ಕಂಬ ಹಿಡಿದು ಏದುಸಿರು ಬಿಡುತ್ತಿದ್ದರು.

"ಬರೋ ಶನಿವಾರ ಎಷ್ಟು ಗಂಟೆಗೆ ಸ್ವಾಮಿ?" ಎಂದು ಬಜ್ಜಿಯವನು ಕೇಳಿದ.

"ಐದಕ್ಕೆ," ಎಂದರು ಮುಕುಂದಯ್ಯ, ಮೇಜಿನ ಕಡೆ ನೋಡದೆ. "ಐದಕ್ಕೆ ಸರಿಯಾಗಿ."

ನಾನು ಮಣೆಯ ಕಾಲಿನಿಂದ ಸೆನ್ಸರು ಬಿಡಿಸಿ, ಅಂಗೈಯಲ್ಲಿಟ್ಟು, ಎಲ್ಲ ಒಪ್ಪಿಕೊಂಡೆ. ಅವಧಾನಿಗಳು ಬಲೆ ಮಡಚುತ್ತ ಕೇಳಿಸಿಕೊಂಡರು. ಅದೆಲ್ಲ ಬಾಗಿಲಲ್ಲೇ ಕೇಳಿಸಿಕೊಂಡ ಫಣಿರಾಯರು ಬೆವರಿಳಿಸುತ್ತ ಬಂದರು. ಹಿಂದೆ ಮಂದಾಕಿನಿ.

"ತಪ್ಪಾಯ್ತು ಅವಧಾನಿಗಳೇ! ಅದನ್ನ ಕೊಟ್ಟುಬಿಡಿ. ಸುಟ್ಟು ಹಾಕ್ತೀನಿ. ಅದು ಹೊರಗಿರೋವರೆಗೂ ನಾನು ಬ್ರೇಕ್ ಮುಟ್ಟೋ ಹಾಗಿಲ್ಲ!"

"ಅಂಗಡೀದು ಹಾಕಿಸಿ ಅಂದಿದ್ದೆ," ಎಂದಳು ಮಂದಾಕಿನಿ.

ಅವಧಾನಿಗಳು ನನ್ನ ಅಂಗೈಯಿಂದ ಸೆನ್ಸರನ್ನು ಎತ್ತಿಕೊಂಡರು. ಕಣ್ಣಿಗೊತ್ತಿಕೊಂಡರು. ಮಣೆಯನ್ನು ಓರೆ ಮಾಡಿ, ಗಿಡ್ಡ ಕಾಲಿನ ಸೀಳಿಗೆ ಮತ್ತೆ ಒತ್ತಿ ಕೂರಿಸಿದರು. ಆಮೇಲೆ ಮಣೆಯ ಮೇಲೆ ಗಟ್ಟಿಯಾಗಿ ಕೂತರು.

"ನಲವತ್ತೊಂದು ವರ್ಷ ನಾನು ಕೇಳುಗರ ಹಿಂದೆ ಓಡಿದೀನಿ, ಫಣಿರಾಯರೇ. ಇವತ್ತು ಅವರು ನನ್ನ ಹಿಂದೆ ಓಡಿ ಬಂದಿದಾರೆ," ಎಂದರು. "ಕೊಡೋದಿಲ್ಲ."